ರೇಷ್ಮೆ ಮನೆಯ ಬೆಂಜ್

ಭೂಮಿಗೆ ಬೆಲೆ ಬಂದ ಊರಿನಲ್ಲಿ ಮೊದಲು ಬದಲಾಗುವುದು ಮನೆ ಮುಂದೆ ನಿಲ್ಲುವ ವಾಹನ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯೂ ಇದಕ್ಕೆ ಹೊರತಲ್ಲ. ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಾದರೂ ಅದರ ಬಿಸಿ ಸುತ್ತಲಿನ ಹೊಲಗಳಿಗೆ ಮೊದಲೇ ತಟ್ಟಿತ್ತು. 2007ರಲ್ಲಿ ದ್ರಾಕ್ಷಿ ತೋಟದ ಒಂದು ತುಂಡು ಮಾರಿದ ಗೌಡರೊಬ್ಬರು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬೆಂಜ್ ಕಾರೊಂದನ್ನು ತಂದರು. 1996ರ ಇ-220. ನಾಲ್ಕು ವರ್ಷ ಮದುವೆ, ಜಾತ್ರೆ, ಚುನಾವಣೆ ಎಲ್ಲದಕ್ಕೂ ಓಡಾಡಿದ ಕಾರು, 2011ರಲ್ಲಿ ಆರ್‌ಸಿಯ ಹದಿನೈದು ವರ್ಷದ ಅವಧಿ ಮುಗಿದಾಗ ರೇಷ್ಮೆ ಹುಳು ಸಾಕುವ ಮನೆಯೊಳಗೆ ಹೋಗಿ ನಿಂತಿತು. ಹುಳು ಸಾಕಣೆ ಅಷ್ಟರಲ್ಲಿ ಕೈಬಿಟ್ಟಾಗಿತ್ತು. ಹಳೆಯ ಚಂದ್ರಿಕೆಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಕಾರು ಇಂದಿಗೂ ಅಲ್ಲೇ ಇದೆ.

ಅದರ ಮೇಲೆ ಕಣ್ಣು ಬಿದ್ದದ್ದು ಅದೇ ಬೀದಿಯ ಹುಡುಗನೊಬ್ಬನಿಗೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ. ಅಪ್ಪ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಪ್ಯಾನರ್ ಹಿಡಿದು ನಿವೃತ್ತರಾದವರು. ತಂಗಿ ದ್ವಿತೀಯ ಪಿಯುಸಿ. ಗೌಡರು ಹೇಳಿದ ಬೆಲೆ ಒಂದು ಲಕ್ಷದ ಎಪ್ಪತ್ತೈದು ಸಾವಿರ. ಮನೆಯಲ್ಲಿ ಆ ಹಣ ಇರಲಿಲ್ಲವೆಂದಲ್ಲ. ಮಗನ ಕೊನೆಯ ವರ್ಷಕ್ಕೂ ಮಗಳ ಮುಂದಿನ ಓದಿಗೂ ಎಂದು ಎತ್ತಿಟ್ಟದ್ದು ಹೆಚ್ಚು ಕಡಿಮೆ ಅಷ್ಟೇ ಇತ್ತು. ತೊಡಕು ಹುಟ್ಟಿದ್ದೇ ಅಲ್ಲಿ.

ಹುಡುಗನ ಆಸೆಯನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಜರ್ಮನಿಯಲ್ಲಿ 1984ರ ಕೊನೆಗೆ ಹೊರಬಂದು, 1995ರಿಂದ ನಮ್ಮ ಪುಣೆಯಲ್ಲೂ ತಯಾರಾದ ಈ ಡಬ್ಲ್ಯೂ-124 ಮಾದರಿ ಎಂಜಿನಿಯರಿಂಗ್ ವಿದ್ಯಾರ್ಥಿಯ ಪಾಲಿಗೆ ಬಿಚ್ಚಿಟ್ಟ ಪುಸ್ತಕ. ಮುಂದಿನ ಗಾಜಿಗೆ ಒಂದೇ ವೈಪರ್. ಅದೂ ಸುಮ್ಮನೆ ಅರ್ಧಚಂದ್ರಾಕಾರದಲ್ಲಿ ತಿರುಗುವುದಿಲ್ಲ. ಗಾಜಿನ ಮೇಲ್ಮೂಲೆಗಳತ್ತ ಹೋದಾಗ ತೋಳು ಉದ್ದ ಚಾಚುತ್ತದೆ, ನಡುವೆ ಬಂದಾಗ ಒಳಗೆಳೆದುಕೊಳ್ಳುತ್ತದೆ. ಬುಡದಲ್ಲಿರುವ ಪುಟ್ಟ ಗೇರುಗಳ ಕರಾಮತ್ತು ಅದು. ಹಿಂದಿನ ಒಂದೊಂದು ಗಾಲಿಯನ್ನೂ ಐದೈದು ತೋಳುಗಳು ಹಿಡಿದಿರುತ್ತವೆ. ರಸ್ತೆ ಎಷ್ಟೇ ಏರಿಳಿದರೂ ಗಾಲಿ ಆದಷ್ಟು ನೆಟ್ಟಗೆ ನೆಲಕ್ಕೆ ಕಚ್ಚಿಕೊಂಡಿರಲಿ ಎಂದು. ಇವನ್ನು ಕಾಲೇಜಿನ ಹಲಗೆಯ ಮೇಲೆ ಬರೆದು ತೋರಿಸುವುದಕ್ಕೂ ಕೈಯಾರೆ ಬಿಚ್ಚಿ ಜೋಡಿಸುವುದಕ್ಕೂ ಇರುವ ಅಂತರ ಅಪ್ಪನಿಗೂ ಗೊತ್ತಿತ್ತು. ಹಾಗಾಗಿಯೇ ಅವರು ಬೇಡವೆನ್ನಲಿಲ್ಲ. ‘ನೋಡೋಣ ನಡಿ’ ಎಂದು ಹಳೆಯ ಚೀಲದಲ್ಲಿ ಸ್ಪ್ಯಾನರ್ ಸೆಟ್ಟು, ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ ಹಾಕಿಕೊಂಡು ಹೊರಟರು.

ಮೊದಲ ದಿನ ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು ಬಂದರು. ಎರಡನೆಯ ದಿನ ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ಎಳೆದಾಗ ಎಂಜಿನ್ ತಿರುಗಿತು. ಹುಡುಗನ ಮುಖ ಅರಳಿತು. ಇಂಥ ವ್ಯಾಪಾರಗಳಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ಈ ಕ್ಷಣದಲ್ಲಿ. ಎಂಜಿನ್ ತಿರುಗಿದರೆ ಕಾರು ಬದುಕಿದೆ ಎಂದುಕೊಳ್ಳುತ್ತಾರೆ. ಹಳೆಯ ಕಾರನ್ನು ಕೊಲ್ಲುವುದು ಎಂಜಿನ್ನಲ್ಲ, ತುಕ್ಕು. ಎಂಜಿನ್ನಾದರೆ ಬೇರೆ ಸಿಕ್ಕೀತು. ಈ ಕಾರಿಗೆ ಲಾರಿಯ ಹಾಗೆ ಪ್ರತ್ಯೇಕ ಛಾಸಿ ಇಲ್ಲ, ಮೈತಗಡೇ ಬೆನ್ನುಮೂಳೆ. ಅದು ಟೊಳ್ಳಾದರೆ ಮೇಲೆ ಎಷ್ಟು ಬಣ್ಣ ಬಳಿದರೇನು?

ಅಪ್ಪ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಿಸಿದರು. ಜಾಕ್ ಕೊಡುವ ಜಾಗಗಳಲ್ಲಿ ಒಂದು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಒಳಗೆ ಹೋಯಿತು. ಹಿಂದಿನ ಗಾಲಿಯ ಕಮಾನಿನ ಮೇಲೆ ಅಯಸ್ಕಾಂತ ನಿಲ್ಲದೆ ಜಾರಿತು. ಅಲ್ಲಿದ್ದದ್ದು ತಗಡಲ್ಲ, ಬಣ್ಣದ ಕೆಳಗೆ ಬೆರಳ ದಪ್ಪದ ಪುಟ್ಟಿ. ಸೂರಿನ ಕೆಳಗಿದ್ದ ಕಾರಿಗೆ ಇಷ್ಟು ತುಕ್ಕೇಕೆ? ಮೂಲೆಯಲ್ಲಿ ಅರ್ಧ ಹರಿದ ಬ್ಲೀಚಿಂಗ್ ಪೌಡರ್ ಮೂಟೆಗಳಿದ್ದವು. ಹುಳು ಮನೆಯ ರೋಗ ಕಳೆಯಲು ಬಳಸುವ ಪುಡಿ. ತೇವ ಕುಡಿದ ಆ ಪುಡಿಯಿಂದ ಏಳುವ ಕ್ಲೋರಿನ್ ಕಬ್ಬಿಣಕ್ಕೆ ಶತ್ರು. ಹುಳುವನ್ನು ಕಾಪಾಡಿದ್ದು ಕಾರನ್ನು ತಿಂದಿತ್ತು.

ಬಾನೆಟ್ಟಿನ ಕೆಳಗಿನ ವೈರು ಮುಟ್ಟಿದರೆ ಹೊದಿಕೆ ಪುಡಿಪುಡಿ. ತೊಂಬತ್ತರ ದಶಕದ ಮಧ್ಯದ ಅನೇಕ ಬೆಂಜ್ ಕಾರುಗಳಿಗೆ ಅಂಟಿದ ಕಾಯಿಲೆ ಇದು. ಎಂಜಿನ್ನಿನ ವೈರಿಂಗ್ ಸರವನ್ನೇ ಇಡಿಯಾಗಿ ಬದಲಿಸಬೇಕು. ಉಳಿದದ್ದನ್ನು ಇಲಿಗಳು ನೋಡಿಕೊಂಡಿದ್ದವು. ಇಡೀ ಕಾರಿನಲ್ಲಿ ಸಮಾಧಾನದ ಸಂಗತಿಯೆಂದರೆ ಟೈರು. 195/65 ಆರ್15 ಅಳತೆ, ಯಾವ ಅಂಗಡಿಯಲ್ಲೂ ಸಿಗುತ್ತದೆ.

ರಾತ್ರಿ ಊಟದ ನಂತರ ಲೆಕ್ಕ. ಟಿಂಕರಿಂಗ್, ಪೇಂಟಿಂಗ್‌ಗೆ ಎರಡೂಕಾಲು ಲಕ್ಷ. ವೈರಿಂಗ್ ಎಪ್ಪತ್ತು ಸಾವಿರ. ಗಾಲಿಯ ತೋಳುಗಳ ರಬ್ಬರ್ ಬುಷ್ಷುಗಳು, ಬ್ರೇಕು ಸೇರಿ ತೊಂಬತ್ತು. ಪೆಟ್ರೋಲ್ ಟ್ಯಾಂಕು, ಪಂಪು, ರೇಡಿಯೇಟರು, ಸೀಟು, ಏಸಿ... ಎಂಜಿನ್ನಿಗೆ ಕೈ ಹಾಕದೆಯೇ ಆರು ಲಕ್ಷ ದಾಟಿತು. ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ಕೂಲಿಯ ಭಾಗವನ್ನು ತಾವೇ ಮಾಡಿಕೊಂಡರೂ ನಾಲ್ಕಕ್ಕಿಂತ ಕೆಳಗಿಳಿಯಲಿಲ್ಲ. ಈಗ ಬಂಕುಗಳಲ್ಲಿ ಬರುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲು ಆ ಕಾಲದ ರಬ್ಬರ್ ಪೈಪುಗಳಿಗೆ ಒಗ್ಗುವುದಿಲ್ಲ, ಅವನ್ನೂ ಬದಲಿಸಬೇಕು. ಗೌಡರು ಕೇಳಿದ ಬೆಲೆ ಬರಿಯ ಮುಂಗಡವೆಂದು ಹುಡುಗನಿಗೆ ಹೊಳೆದದ್ದು ಆಗ.

‘ಧರ್ಮಸ್ಥಳದಲ್ಲಿ ನೋಡಿಲ್ವಾ, ಎಷ್ಟು ಹಳೇ ಕಾರು ಹೆಂಗೆ ಫಳಫಳ ಅಂತವೆ!’ ಎಂದ. ನಿಜ. ಡಾ. ವೀರೇಂದ್ರ ಹೆಗ್ಗಡೆಯವರು ಅಲ್ಲಿನ ಮಂಜೂಷಾ ಸಂಗ್ರಹಾಲಯದಲ್ಲಿ, ಆಮೇಲೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಕೂಡಿಸಿಟ್ಟ ಕಾರುಗಳು ಎಂಥವರ ಕಣ್ಣನ್ನೂ ಕಟ್ಟುತ್ತವೆ. ಆದರೆ ಅವುಗಳ ಬೆನ್ನಿಗೆ ಒಂದು ಸಂಸ್ಥೆಯಿದೆ. ಇಲ್ಲಿ ಇರುವುದು ಒಂದು ಪಿಂಚಣಿ. ತಾಯಿ ಇದನ್ನು ಇನ್ನೂ ಚುಟುಕಾಗಿ ಹೇಳಿದರು: ‘ಕಾರು ಓಡಿದ್ರೆ ಪೆಟ್ರೋಲು ಕೇಳುತ್ತೆ, ನಿಂತ್ರೆ ಜಾಗ ಕೇಳುತ್ತೆ. ನಿನ್ ತಂಗಿ ಫೀಜು ಒಂದೇ ಕಣೋ ಕೇಳೋದು.’ ತಂಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಪುಟವನ್ನೂ ತಿರುಗಿಸಲಿಲ್ಲ.

ಇಷ್ಟಾದರೂ ಹುಡುಗ ಪೂರ್ತಿ ಸೋತಿರಲಿಲ್ಲ. ಐದು ವರ್ಷ ಹಿಡಿಯಲಿ, ದುಡಿಯತೊಡಗಿದ ಮೇಲೆ ಸ್ವಲ್ಪ ಸ್ವಲ್ಪವೇ ಮಾಡುತ್ತೇನೆಂದ. ಇದು ತಳ್ಳಿಹಾಕುವ ಮಾತಲ್ಲ. ಹಳೆಯ ಕಾರುಗಳನ್ನು ಎಬ್ಬಿಸಿದವರಲ್ಲಿ ಅನೇಕರು ಹಾಗೆಯೇ ಎಬ್ಬಿಸಿದ್ದಾರೆ. ಅಪ್ಪ ಆಗ ಕೇಳಿದ್ದು ಕಾಗದಪತ್ರ.

ಮರುದಿನ ಗೌಡರು ಕಬ್ಬಿಣದ ಬೀರುವಿನಿಂದ ತೆಗೆದುಕೊಟ್ಟದ್ದು ಆರ್‌ಸಿಯ ಒಂದು ಜೆರಾಕ್ಸ್ ಪ್ರತಿ, ಹಳೆಯ ಮಾಲೀಕರು ಸಹಿ ಹಾಕಿ ಖಾಲಿ ಬಿಟ್ಟ ಫಾರಂ 29 ಮತ್ತು 30. ಅವನ್ನು ಆರ್‌ಟಿಓಗೆ ಕೊಟ್ಟೇ ಇರಲಿಲ್ಲ. ಅಂದರೆ ಕಾನೂನಿನ ಲೆಕ್ಕದಲ್ಲಿ ಕಾರು ಇಂದಿಗೂ ಗೌಡರದಲ್ಲ. ಆ ಮಾಲೀಕರು ಈಗ ಎಲ್ಲಿದ್ದಾರೋ ಗೌಡರಿಗೆ ತಿಳಿಯದು. ಹೆಸರು ಬದಲಾಗದೆ ನೋಂದಣಿ ನವೀಕರಣವಿಲ್ಲ, ನವೀಕರಣವಿಲ್ಲದೆ ರಸ್ತೆಯಿಲ್ಲ. ನವೀಕರಣದ ಶುಲ್ಕವೂ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ, ತಡಮಾಡಿದ್ದಕ್ಕೆ ದಂಡ ಬೇರೆ.

‘ವಿಂಟೇಜ್ ಅಂತ ಮಾಡಿಸ್ಕೊಳ್ಳಿ ಬಿಡಿ’ ಎಂದು ಗೌಡರು ಸಲಹೆಯಿತ್ತರು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲ ರೂಪ ಕೆಡಿಸದ ವಾಹನಕ್ಕಷ್ಟೇ ಆ ಮನ್ನಣೆ. ಇಪ್ಪತ್ತು ಸಾವಿರ ಶುಲ್ಕ, ‘ವಿಎ’ ಅಕ್ಷರಗಳಿರುವ ಸಂಖ್ಯೆ, ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಕ್ಕೆ ಮಾತ್ರ ರಸ್ತೆ. ಈ ಕಾರಿಗೆ ಐವತ್ತು ತುಂಬುವುದು 2046ರಲ್ಲಿ. ಹುಡುಗನಿಗೂ ಆಗ ನಲವತ್ತು ದಾಟಿರುತ್ತದೆ.

‘ಗೌಡ್ರೇ, ತುಕ್ಕಿಗೆ ಮದ್ದೈತೆ, ಕಾಗದಕ್ಕೆ ಮದ್ದಿಲ್ಲ. ಮೊದಲು ಹೆಸರು ನಿಮ್ಮದಾಗ್ಲಿ, ಆಮೇಲೆ ಮಾತಾಡೋಣ’ ಎಂದು ಅಪ್ಪ ಎದ್ದರು. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ಎರಡು ದಿನ ಊಟವೂ ಅಷ್ಟಕ್ಕಷ್ಟೆ. ಮೂರನೆಯ ದಿನ ಅಪ್ಪ ಹಿತ್ತಲಲ್ಲಿ ಬಿದ್ದಿದ್ದ ತಮ್ಮ ಬಜಾಜ್ ಚೇತಕ್ ಸ್ಕೂಟರನ್ನು ಜಗಲಿಗೆ ತಳ್ಳಿಕೊಂಡು ಬಂದು ‘ಇದರ ಆರ್‌ಸಿ ನನ್ ಹೆಸರಲ್ಲೇ ಐತೆ’ ಎಂದರು. ಬೆಂಜ್ ಎಲ್ಲಿ, ಚೇತಕ್ ಎಲ್ಲಿ! ಹುಡುಗ ಒಲ್ಲದ ಮನಸ್ಸಿನಿಂದಲೇ ಕಾರ್ಬುರೇಟರ್ ಬಿಚ್ಚಿದ. ಭಾನುವಾರಗಳು ಹೋದವು. ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು, ಕೇಬಲ್ಲುಗಳಿಗೆ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬಂದ. ಶ್ರಾವಣದಲ್ಲಿ ಕಾಲೇಜಿನ ಫೀಜು ಕಟ್ಟಿಯಾಯಿತು. ಮಗಳ ಹೆಸರಿನ ಹಣ ಬ್ಯಾಂಕಿನಲ್ಲೇ ಉಳಿಯಿತು.

ದೀಪಾವಳಿಯ ಹೊತ್ತಿಗೆ ಗೌಡರ ಫೋನು ಬಂತು. ಐವತ್ತು ಸಾವಿರ ಇಳಿಸುತ್ತೇನೆ, ಗುಜರಿಯವನು ಬಂದು ಕೇಳುತ್ತಿದ್ದಾನೆ, ನಿನ್ನಂಥ ಹುಡುಗನಿಗೆ ಕೊಡಲು ಮನಸ್ಸು ಎಂದರು. ಹುಡುಗ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು ಕೇಳಿದ:

‘ಗೌಡ್ರೇ, ಆರ್‌ಸಿ ನಿಮ್ ಹೆಸರಿಗಾಯ್ತಾ?’

‘ಅದೊಂದು ಹುಡುಕ್ತಾ ಇವ್ನಿ ಕಣಪ್ಪಾ’ ಎಂದರು ಗೌಡರು.