ಅಕಿಹಬರಾದ ಗಾಜಿನ ಕಪಾಟು

ಟೋಕಿಯೊ ನಗರದ ಅಕಿಹಬರಾ ನಿಲ್ದಾಣದ ಮಗ್ಗುಲಿಗೇ ರೇಡಿಯೊ ಕೈಕನ್ ಎಂಬ ಬಹುಮಹಡಿ ಕಟ್ಟಡವಿದೆ. ಎರಡನೆಯ ಮಹಾಯುದ್ಧದ ತರುವಾಯ ರೇಡಿಯೊ ಬಿಡಿಭಾಗಗಳ ಸಂತೆಯಾಗಿ ಬೆಳೆದ ಈ ಪೇಟೆಯಲ್ಲಿ ಇಂದು ಬೊಂಬೆ, ಚಿತ್ರಕಥೆ, ಆಟದ ಕಾರ್ಡುಗಳದೇ ಭರಾಟೆ. 2014ರಲ್ಲಿ ಹೊಸದಾಗಿ ತಲೆಯೆತ್ತಿದ ಆ ಕಟ್ಟಡವನ್ನು ನಾನು ಹೊಕ್ಕದ್ದು ಪತ್ನಿಗೊಂದು ಉಡುಗೊರೆ ಕೊಳ್ಳಲು.

ಆಕೆ ಪೊಕೆಮಾನ್ ಕಾರ್ಡುಗಳ ಸಂಗ್ರಾಹಕಿ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಆ ಕಾರ್ಡುಗಳನ್ನು 'ಮಕ್ಕಳಾಟ'ವೆಂದು ಬಂಧುಗಳೆದುರು ಗೇಲಿ ಮಾಡಿದವನು ನಾನೇ. ಅಂದಿನಿಂದ ಆಕೆ ತನ್ನ ಆಲ್ಬಮನ್ನು ನನ್ನ ಮುಂದೆ ತೆರೆದಿರಲಿಲ್ಲ. ಪ್ರಯಾಣದ ಮುನ್ನಾದಿನ, "ಯಾವುದು ಬೇಕು?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಚೀಟಿಯೊಂದರಲ್ಲಿ ಸರಣಿಯ ಗುರುತನ್ನೂ ಒಂದು ಸಂಖ್ಯೆಯನ್ನೂ ಬರೆದುಕೊಟ್ಟಳು.

ಮುಚ್ಚಿದ ಪೊಟ್ಟಣಗಳ ಬೆಲೆ ಕಡಿಮೆ. ಆದರೆ ಒಳಗೇನಿದೆಯೆಂಬುದು ಒಡೆಯುವವರೆಗೆ ತಿಳಿಯದು. ಬೇಕಾದುದನ್ನೇ ಆರಿಸಬೇಕಾದರೆ ಗಾಜಿನ ಕಪಾಟಿನ ಬಿಡಿಕಾರ್ಡುಗಳೇ ಗತಿ. ಅಂಚು ಸವೆದಿದ್ದರೆ, ಹಿಂಬದಿ ಗೀರಿದ್ದರೆ ಬೆಲೆ ಇಳಿಯುತ್ತದೆ. ಜಪಾನೀ ಲಿಪಿ ನನಗೆ ಬಾರದು. ಕಾರ್ಡಿನ ಕೆಳಮೂಲೆಯ ಸಂಖ್ಯೆಯನ್ನು ಚೀಟಿಯೊಡನೆ ಹೋಲಿಸುತ್ತ ಒಂದು ಗಂಟೆ ಕಳೆದೆ. ಪಕ್ಕದಲ್ಲಿ ಕಚೇರಿಯ ಉಡುಪಿನ ನಡುವಯಸ್ಕರು ಅಷ್ಟೇ ತನ್ಮಯತೆಯಿಂದ ಹುಡುಕುತ್ತಿದ್ದರು. ನಾನಾಡಿದ ಮಾತು ನನ್ನನ್ನೇ ಚುಚ್ಚಿತು.

ಊರಿಗೆ ಮರಳಿ ಅದನ್ನು ಕೈಗಿತ್ತಾಗ ಆಕೆ ಆಲ್ಬಂ ತೆರೆದಳು. ತುಂಬಿದ ಪುಟದಲ್ಲಿ ಒಂದೇ ಒಂದು ಜಾಗ ಬರಿದಾಗಿತ್ತು. ಕಾರ್ಡನ್ನು ಅಲ್ಲಿ ಇರಿಸುವ ಮುನ್ನ ಅದರ ಹೆಸರನ್ನು ಅಕ್ಷರ ಅಕ್ಷರವಾಗಿ ಜಪಾನಿಯಲ್ಲೇ ಓದಿದಳು. ಆ ಲಿಪಿಯನ್ನು ಆಕೆ ಯಾವಾಗ ಕಲಿತಳೋ! ಕಾಸರಗೋಡಿನ ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುವ ನಾನು, ಒಂದೇ ಮನೆಯಲ್ಲಿದ್ದೂ ಅದನ್ನು ಅರಿತಿರಲಿಲ್ಲ.