ಕಕ್ಕಿಂಜೆಯ ಪೇಟೆಯಲ್ಲಿ ನಾಮವೂ ಆಖ್ಯಾತವೂ

ಮಂಗಳೂರಿನಿಂದ ಮೂಡಣಕ್ಕೆ ಹೊರಟ 73ನೆಯ ರಾಷ್ಟ್ರೀಯ ಹೆದ್ದಾರಿಯು ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ, ಮುಂಡಾಜೆಯ ಅಡಕೆತೋಟಗಳ ನೆರಳಿನಲ್ಲಿ ಸಾಗಿ, ಚಾರ್ಮಾಡಿ ಘಟ್ಟವನ್ನೇರುವುದಕ್ಕೆ ಮುಂಚೆ ಕಕ್ಕಿಂಜೆಯೆಂಬ ಸಣ್ಣ ಪೇಟೆಯನ್ನು ಹೊಗುತ್ತದೆ. ಘಟ್ಟದ ಮೇಲಿನ ಕೊಟ್ಟಿಗೆಹಾರಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಇದನ್ನು ವಾಹನದ ಕಿಟಕಿಯಿಂದಲೇ ನೋಡಿ ಮುಂದರಿಯುವರು. ಅವರನ್ನು ತಡೆದು ನಿಲ್ಲಿಸುವಂತಹ ಕೋಟೆಯಾಗಲಿ ಅರಮನೆಯಾಗಲಿ ಈ ಪೇಟೆಯಲ್ಲಿಲ್ಲ. ಆದರೆ ಕಣ್ಣಿಗಿಂತ ಕಿವಿಗೆ ಹೆಚ್ಚಿನ ಸುಗ್ಗಿಯನ್ನು ಕೊಡುವ ಊರುಗಳೂ ಲೋಕದಲ್ಲುಂಟು. ಕಕ್ಕಿಂಜೆಯು ಅಂತಹುದು. ಇಲ್ಲಿ ಅರ್ಧ ತಾಸು ಸುಮ್ಮನೆ ಕುಳಿತು ಜನರ ಮಾತನ್ನು ಆಲಿಸುವವನಿಗೆ, ಭಾಷೆಗಳು ಬದುಕುವ ಬಗೆಯನ್ನು ಕುರಿತು ಕೆಲವು ಸಂಗತಿಗಳು ಪುಸ್ತಕದ ಸಹಾಯವಿಲ್ಲದೆಯೇ ತಿಳಿದುಬರುತ್ತವೆ.

ಕೌತುಕವು ಊರಿನ ಹೆಸರಿನಿಂದಲೇ ಆರಂಭವಾಗುವುದು. ಕನ್ನಡಿಗನ ಕಿವಿಗೆ ‘ಕಕ್ಕೆ’ ಎಂದೊಡನೆ, ಬೇಸಗೆಯಲ್ಲಿ ಹಳದಿಯ ಹೂಗೊಂಚಲುಗಳನ್ನು ಇಳಿಬಿಡುವ ಮರವು ನೆನಪಾಗುತ್ತದೆ. ತುಳುವನಿಗಾದರೋ ಅದೇ ಶಬ್ದವು ಕಾಗೆಯನ್ನು ತಂದುಕೊಡುತ್ತದೆ. ಊರಿಗೆ ಈ ಹೆಸರು ಮರದಿಂದ ಬಂದಿತೋ ಹಕ್ಕಿಯಿಂದ ಬಂದಿತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದೇ ಧ್ವನಿಯು ಕೇಳುವವನ ಮನೆಮಾತಿಗನುಸಾರವಾಗಿ ಮರವೂ ಹಕ್ಕಿಯೂ ಆಗಬಲ್ಲುದೆಂಬುದನ್ನು ಗಮನಿಸಿದರೆ ಸಾಕು. ಕನ್ನಡದಲ್ಲಿ ‘ಈ’ ಎಂದರೆ ಹತ್ತಿರವಿರುವ ವಸ್ತುವನ್ನು ತೋರಿಸುವ ಮಾತು. ತುಳುವಿನಲ್ಲಿ ‘ಈ’ ಎಂದರೆ ‘ನೀನು’. ಹಿರಿಯರನ್ನು ಹಾಗೆ ಕರೆಯುವಂತಿಲ್ಲ. ಅವರಿಗೆ ‘ಈರ್’ ಎನ್ನಬೇಕು.

ಘಟ್ಟದ ಬುಡದಲ್ಲಿರುವ ಪೇಟೆಗೆ ನಾನಾ ಕಡೆಯ ಜನರು ಬಂದು ಸೇರುವುದು ಸಹಜವಷ್ಟೆ. ಇಲ್ಲಿ ಎಲ್ಲರಿಗೂ ಸಾಮಾನ್ಯವಾದ ಮಾತು ತುಳು. ಶಾಲೆ, ಪಂಚಾಯತಿ, ಪತ್ರಿಕೆಗಳ ಮಾತು ಕನ್ನಡ. ಮುಸಲ್ಮಾನ ವರ್ತಕರ ಮನೆಗಳಲ್ಲಿ ಬ್ಯಾರಿ ಭಾಷೆಯುಂಟು. ಅದು ಮಲಯಾಳಕ್ಕೆ ಸಮೀಪದ ಬಂಧುವಾದರೂ ತುಳುವಿನ ನೆರೆಯಲ್ಲಿ ಬೆಳೆದು, ಅರಬ್ಬಿ ಪಾರಸಿಗಳ ಶಬ್ದಗಳನ್ನು ಕೂಡಿಸಿಕೊಂಡದ್ದು. ನೆರೆಯ ಮುಂಡಾಜೆಯ ಚಿತ್ಪಾವನರ ಮನೆಗಳಲ್ಲಿ ಕೊಂಕಣಿಯ ನಂಟುಳ್ಳ ಚಿತ್ಪಾವನಿ ಕೇಳಿಬರುತ್ತದೆ. ಕ್ರೈಸ್ತರಲ್ಲಿ ಕೆಲವರದು ಕೊಂಕಣಿ. ಕಳೆದ ಶತಮಾನದಲ್ಲಿ ಕೇರಳದಿಂದ ಬೇಸಾಯಕ್ಕೆಂದು ಬಂದು ಈ ತಾಲೂಕಿನ ಗುಡ್ಡಗಳ ತಪ್ಪಲಿನಲ್ಲಿ ನೆಲಸಿದವರದು ಮಲಯಾಳ. ಹವ್ಯಕರು ತಮ್ಮದೇ ಕನ್ನಡವನ್ನಾಡುವರು. ಬಾಯಾರಿದವನು ಕೇಳುವುದು ಒಂದೇ ವಸ್ತುವನ್ನಾದರೂ, ಒಬ್ಬನಿಗೆ ಅದು ‘ನೀರು’, ಒಬ್ಬನಿಗೆ ‘ನೀರ್’, ಇನ್ನೊಬ್ಬನಿಗೆ ‘ವೆಳ್ಳಂ’, ಮತ್ತೊಬ್ಬನಿಗೆ ‘ಉದಾಕ್’. ಸಂಸ್ಕೃತದ ‘ಉದಕ’ವು ಸಂಧ್ಯಾವಂದನೆಯ ಪಾತ್ರೆಯಿಂದ ಇಳಿದುಬಂದು ಚಹಾದಂಗಡಿಯ ಲೋಟದಲ್ಲಿ ಕಾಣಿಸಿಕೊಂಡಾಗ ನನ್ನಂತಹ ಸಂಸ್ಕೃತಪಾಠಿಗೆ ಸಂತೋಷವಾಗದಿರುತ್ತದೆಯೆ?

ಇಲ್ಲಿಯ ಅಂಗಡಿಕಾರರ ಚಾತುರ್ಯವನ್ನು ನೋಡಬೇಕು. ಗಿರಾಕಿಯ ಮುಖವನ್ನು ನೋಡಿದ ಕ್ಷಣವೇ ನಾಲಗೆಯು ದಾರಿಯನ್ನು ಬದಲಿಸುತ್ತದೆ. ಹೊರೆ ಹೊತ್ತು ಬಂದ ಹೆಂಗಸಿಗೆ “ದಾದ ಬೋಡು ಅಕ್ಕಾ?” ಎಂದವನು, ಮರುಗಳಿಗೆಯಲ್ಲಿ ನನ್ನ ಕಡೆಗೆ ತಿರುಗಿ “ಎಂತ ಬೇಕಿತ್ತು ಮಾಸ್ಟ್ರೆ?” ಎನ್ನುವನು. ಬೇಕಾಗಿರುವುದು ಈಗ, ಪ್ರಶ್ನೆಯು ಭೂತಕಾಲದಲ್ಲಿ. ನೇರವಾಗಿ ಕೇಳಿದರೆ ಒರಟಾದೀತೆಂದು ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುವ ಈ ವಿನಯವು ನಮ್ಮ ಕರಾವಳಿಯ ಕನ್ನಡದ ಒಂದು ಸೊಗಸು.

ಇಂತಹ ಪೇಟೆಗೆ ಸಂಚಾರಿ ದೂರವಾಣಿಯು ಬಂದಾಗ ಏನಾಯಿತು? ಪಂಡಿತರು ಅದಕ್ಕೆ ‘ಜಂಗಮವಾಣಿ’ ಎಂದು ಹೆಸರಿಟ್ಟರು. ಗಂಭೀರವಾದ ಹೆಸರೇ ಸರಿ. ಆದರೆ ಪೇಟೆಯು ಅದಕ್ಕೆ ಕೈಮುಗಿದು ಬದಿಗಿರಿಸಿ, ‘ಮೊಬೈಲು’ ಎಂದಿತು. ಮುಂಗಡ ಹಣ ತೆತ್ತು ಮಾತನಾಡುವ ಅವಕಾಶವನ್ನು ಪಡೆಯುವುದಕ್ಕೆ ಕನ್ನಡಿಗರು ‘ಕರೆನ್ಸಿ ಹಾಕುವುದು’ ಎಂದರು. ತುಳುವರು “ಕರೆನ್ಸಿ ಪಾಡ್ಲೆ” ಎಂದರು. ಇಂಗ್ಲಿಷಿನಲ್ಲಿ ನಾಣ್ಯ ನೋಟುಗಳಿಗೆ ಸಲ್ಲುವ ಈ ಮಾತು ನಮ್ಮಲ್ಲಿ ದೂರವಾಣಿಯ ಹೊಟ್ಟೆಗೆ ಹಾಕುವ ಕಾಳಾಯಿತು! ಬೆಟ್ಟದ ಮರೆಯಲ್ಲಿ ಸಂಕೇತವು ಸಿಗದಿದ್ದಾಗ ಕನ್ನಡಿಗನೂ ಮಲಯಾಳಿಯೂ ಒಂದೇ ತೆರನಾಗಿ “ರೇಂಜ್ ಇಲ್ಲ” ಎನ್ನುವರು. ತುಳುವನು “ರೇಂಜ್ ಇಜ್ಜಿ” ಎನ್ನುವನು. ಕೊಂಕಣಿಗನು “ರೇಂಜ್ ನಾ” ಎನ್ನುವನು. ಇದು ಬರಿಯ ವಿನೋದದ ಮಾತಲ್ಲ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯ ಗುಡ್ಡಗಳು ಕುಸಿದು ಘಟ್ಟದ ಸಂಚಾರವು ನಿಂತಂತಹ ದಿನಗಳಲ್ಲಿ, ಈ ಎರಡು ಪದಗಳ ವಾಕ್ಯವು ಮನೆಮಂದಿಯ ಎದೆಯನ್ನು ನಡುಗಿಸಬಲ್ಲದು.

ಈ ಮೂರು ವಾಕ್ಯಗಳನ್ನು ಮತ್ತೊಮ್ಮೆ ನೋಡೋಣ. ‘ರೇಂಜ್’ ಎಂಬುದು ಎಲ್ಲರಿಗೂ ಪರದೇಶದ್ದು. ‘ಇಲ್ಲ’, ‘ಇಜ್ಜಿ’, ‘ನಾ’ ಎಂಬುವು ಅವರವರ ಮನೆಯವು. ನಿರುಕ್ತಕಾರನಾದ ಯಾಸ್ಕನು ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ವಿಂಗಡಿಸಿದನಷ್ಟೆ. ನಾಮವು ವಸ್ತುವಿನ ಹೆಸರು, ಆಖ್ಯಾತವು ಕ್ರಿಯಾಪದ. ನಾಮಗಳು ಅತಿಥಿಗಳಿದ್ದಂತೆ. ಪೋರ್ತುಗೀಜರಿಂದ ಚಾವಿಯೂ ಬಟಾಟೆಯೂ, ಅರಬ್ಬಿಯಿಂದ ಅರ್ಜಿಯೂ, ಪಾರಸಿಯಿಂದ ಜಮೀನೂ ಬಂದುವು. ಅವುಗಳಿಂದ ನಮ್ಮ ಭಾಷೆಗಳಿಗೆ ಕೇಡೇನೂ ಆಗಲಿಲ್ಲ. ಆಖ್ಯಾತವಾದರೋ ಮನೆಯ ಯಜಮಾನ. ಎಷ್ಟು ಅತಿಥಿಗಳು ಬಂದರೂ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವನು ಅವನಿರುವವರೆಗೆ ಮನೆಯು ಮನೆಯಾಗಿಯೇ ಇರುವುದು. ಹೊಸ ಯಂತ್ರಗಳ ಹೆಸರುಗಳು ಇಂಗ್ಲಿಷಿನಲ್ಲಿವೆಯೆಂದು ಕೊರಗುವ ಮಹನೀಯರಿಗೆ ನಾನು ಹೇಳುವುದಿಷ್ಟೆ: ಹೆಸರನ್ನು ಬಿಟ್ಟು ಕ್ರಿಯೆಯ ಕಡೆಗೆ ದೃಷ್ಟಿಯಿಡಿರಿ.

ಭಯಕ್ಕೆ ನಿಜವಾದ ಕಾರಣವು ಬೇರೊಂದುಂಟು. ಕಕ್ಕಿಂಜೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ, ವೃದ್ಧೆಯೊಬ್ಬರು ಮೊಬೈಲನ್ನು ಮುಖದ ಮುಂದೆ ಹಿಡಿದು ದೂರದೂರಿನ ಮೊಮ್ಮಗನೊಡನೆ ಮಾತನಾಡುತ್ತಿದ್ದರು. “ಒಣಸ್ ಆಂಡಾ ಮಗಾ?” ಎಂದು ಅಜ್ಜಿ ಕೇಳಿದರು. “ಆಯ್ತಜ್ಜಿ” ಎಂದು ಹುಡುಗನ ಉತ್ತರ ಬಂತು. ಅಜ್ಜಿ ಒಂದು ಕ್ಷಣ ತಡೆದು, “ಎಂತ ಪದಾರ್ಥ ಮಾಡಿದ್ರು ಮಗಾ?” ಎಂದು ತಾವೇ ಕನ್ನಡಕ್ಕೆ ತಿರುಗಿದರು. ಹುಡುಗನು ಅವಿಧೇಯನಲ್ಲ, ಅಜ್ಜಿಯ ಪ್ರಶ್ನೆಯು ಅವನಿಗೆ ಅರ್ಥವಾಗಿತ್ತು. ಉತ್ತರವು ಮಾತ್ರ ಶಾಲೆಯ ಮಾತಿನಲ್ಲಿ ಬಂತು. ಅಜ್ಜಿಯೂ ಪ್ರೀತಿಯಿಂದಲೇ ದಾರಿ ಬಿಟ್ಟುಕೊಟ್ಟರು. ಅಲ್ಲಿ ಪರಭಾಷೆಯ ನಾಮವೊಂದೂ ಇರಲಿಲ್ಲ; ಹೋದದ್ದು ‘ಆಂಡಾ’ ಎಂಬ ಆಖ್ಯಾತ. ಕನ್ನಡವು ನನಗೆ ಅನ್ನವಿತ್ತ ಭಾಷೆ. ಅದು ಬೆಳೆಯಲೆಂದೇ ನನ್ನ ಹಾರೈಕೆ. ಆದರೆ ಒಂದು ಭಾಷೆಯ ಬೆಳಕಿಗೆ ಇನ್ನೊಂದರ ದೀಪವನ್ನು ನಂದಿಸಬೇಕಾಗಿಲ್ಲವೆಂಬುದಕ್ಕೆ ಈ ಪೇಟೆಯ ಅಂಗಡಿಕಾರರೇ ಸಾಕ್ಷಿ.

ಯಂತ್ರಗಳಿಂದ ಸಹಾಯವು ದೊರೆಯುತ್ತಿಲ್ಲವೆನ್ನಲಾಗದು. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು 18 ಲಕ್ಷಕ್ಕೂ ಮೇಲ್ಪಟ್ಟಿದ್ದರು. 2016ರಲ್ಲಿ ತುಳು ವಿಕಿಪೀಡಿಯವು ಆರಂಭವಾಯಿತು. 2024ರಲ್ಲಿ ಗೂಗಲ್ ಸಂಸ್ಥೆಯ ಅನುವಾದಯಂತ್ರಕ್ಕೆ ತುಳುವು ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ನಮ್ಮ ಹಿರಿಯರು ತಾಳೆಗರಿಗಳಲ್ಲಿ ಹೆಚ್ಚಾಗಿ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯು, ಗಣಕಯಂತ್ರಗಳಿಗೆ ಆಧಾರವಾದ ಯೂನಿಕೋಡ್ ಅಕ್ಷರಪಟ್ಟಿಯಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಸ್ಥಾನವನ್ನು ಪಡೆಯಿತು. ಇವೆಲ್ಲವೂ ಸಂತೋಷದ ವಾರ್ತೆಗಳೇ.

ಆದರೂ ಅಕ್ಷರಕ್ಕೆ ಒಂದು ಮಿತಿಯಿದೆ. ತುಳುವಿನಲ್ಲಿ ‘ನಾನು ಬರುತ್ತೇನೆ’ ಎಂಬುದಕ್ಕೂ ‘ಅವನು ಬರುತ್ತಾನೆ’ ಎಂಬುದಕ್ಕೂ ಕನ್ನಡ ಲಿಪಿಯಲ್ಲಿ ‘ಬರ್ಪೆ’ ಎಂದೇ ಬರೆಯಬೇಕು. ಉಚ್ಚಾರಣೆಯಲ್ಲಿ ಮಾತ್ರ ಭೇದವುಂಟು: ‘ನಾನು’ ಎಂಬರ್ಥದಲ್ಲಿ ಕೊನೆಯ ಎಕಾರವು ಬಾಯಿ ತೆರೆದು ಅಗಲವಾಗುವುದು, ‘ಅವನು’ ಎಂಬರ್ಥದಲ್ಲಿ ಸಾಮಾನ್ಯ ಎಕಾರವಾಗಿಯೇ ನಿಲ್ಲುವುದು. ಮೊಬೈಲಿನಲ್ಲಿ ‘ಬರ್ಪೆ’ ಎಂದಷ್ಟೇ ಬರೆದು ಕಳುಹಿಸಿದರೆ, ರಾತ್ರಿಯೂಟಕ್ಕೆ ಬರುವವನು ಮಗನೋ ಮಗನ ಸ್ನೇಹಿತನೋ ಎಂದು ತಾಯಿ ಸಂದೇಹಪಡಬೇಕಾದೀತು. ‘ಯಾನ್’ ಎಂದೋ ‘ಆಯೆ’ ಎಂದೋ ಮುಂದೆ ಸೇರಿಸಿದರೆ ಮಾತ್ರ ಸಂದೇಹ ಪರಿಹಾರ. ಅದೇ ಯಂತ್ರದಲ್ಲಿ ಧ್ವನಿಯನ್ನು ಮುದ್ರಿಸಿ ಕಳುಹಿಸಿದರೋ, ಒಂದು ಸ್ವರದಿಂದಲೇ ತಾಯಿಗೆ ಎಲ್ಲವೂ ತಿಳಿಯುವುದು. ಈ ಸೂಕ್ಷ್ಮವಾದ ಎಕಾರವನ್ನು ಯಾವ ಪಠ್ಯಪುಸ್ತಕದಿಂದಲೂ ಮಗುವು ಕಲಿಯಲಾರದು. ತೊಡೆಯ ಮೇಲೆ ಕುಳಿತು, ಬಾಯಿ ನೋಡಿ ಕಲಿಯಬೇಕು.

ಆದುದರಿಂದ ಗೃಹಸ್ಥರಲ್ಲಿ ನನ್ನದೊಂದು ವಿನಂತಿ. ಮನೆಯ ಮಾತು ತುಳುವಾಗಲಿ, ಬ್ಯಾರಿಯಾಗಲಿ, ಚಿತ್ಪಾವನಿಯಾಗಲಿ, ಹವ್ಯಕ ಕನ್ನಡವಾಗಲಿ, ಮಕ್ಕಳು ಬೇರೆ ಮಾತಿನಲ್ಲಿ ಉತ್ತರ ಕೊಟ್ಟಾಗ ಹಿರಿಯರು ತಮ್ಮ ಮಾತನ್ನು ಬಿಡದಿರಲಿ. ಗದರಿಸಬೇಕಾಗಿಲ್ಲ, ಉಪದೇಶಿಸಬೇಕಾಗಿಲ್ಲ, ಮುಂದಿನ ಪ್ರಶ್ನೆಯನ್ನೂ ಮನೆಯ ಮಾತಿನಲ್ಲಿಯೇ ಕೇಳಿದರಾಯಿತು. ಅಜ್ಜಿಯರ ಕಥೆಗಳನ್ನೂ ಗಾದೆಗಳನ್ನೂ ಮೊಬೈಲಿನಲ್ಲಿ ಧ್ವನಿಯಾಗಿ ತುಂಬಿಟ್ಟುಕೊಳ್ಳಿರಿ. ಕರೆನ್ಸಿ ಮುಗಿದರೂ ರೇಂಜ್ ಇಲ್ಲದಿದ್ದರೂ ಅವು ಕೇಳಿಸುತ್ತವೆ. ಇನ್ನು ಘಟ್ಟದ ಹಾದಿಯಲ್ಲಿ ಹೋಗುವವರು ಕಕ್ಕಿಂಜೆಯಲ್ಲಿ ಒಂದು ಚಹಾದ ಹೊತ್ತು ಇಳಿಯಲಿ. ಅಂಗಡಿಕಾರನು ಮೊದಲು ಯಾವ ಮಾತಿನಲ್ಲಿ ವಿಚಾರಿಸುತ್ತಾನೆಂಬುದನ್ನು ಕೇಳಿಸಿಕೊಂಡು ಮುಂದೆ ಸಾಗಲಿ.