ಯೆಜ್ಡಿಯ ಹೊಗೆ

ಮೈಸೂರಿನ ಯೆಜ್ಡಿ ಮೋಟಾರು ಸೈಕಲ್ಲನ್ನು ವಾಚಕರಲ್ಲಿ ಅನೇಕರು ಬಲ್ಲರು. ನಾವು ಸಿದ್ದಾಪುರದಲ್ಲಿ ಅಧ್ಯಾಪಕರಾಗಿದ್ದಾಗ ಕೊಂಡ ಹಳೆಯ ರೋಡ್‌ಕಿಂಗ್ ಈಗಲೂ ಶಿರಸಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿರುವುದು. ಮಳೆಗಾಲದಲ್ಲಿ ಯಲ್ಲಾಪುರದ ಕಡೆಯ ಕಾಡುದಾರಿಗಳಲ್ಲಿ, ಬಸ್ಸು ನಿಂತಲ್ಲಿಂದ ಮುಂದಕ್ಕೆ ನಮ್ಮನ್ನು ಕೊಂಡೊಯ್ದುದು ಇದೇ. ಕೆಸರಿನ ಪರಿಚಯವು ಇದಕ್ಕೆ ವಂಶದಿಂದಲೇ ಬಂದುದು.

1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಯಾನೆಚೆಕ್ ಎಂಬವನು ಸ್ಥಾಪಿಸಿದ ಜಾವಾ ಸಂಸ್ಥೆಯೇ ಇದರ ಮೂಲ. ಅದರ ದಾಯಾದಿಯಂತಿದ್ದ ಸೀಜೆಡ್ ಕಾರ್ಖಾನೆಯು ಗುಡ್ಡ ಕೆಸರುಗಳ ಓಟಕ್ಕೆಂದೇ ಟೂ ಸ್ಟ್ರೋಕ್ ಗಾಡಿಗಳನ್ನು ಕಟ್ಟಿತು. 1964ರಲ್ಲಿ ಬೆಲ್ಜಿಯಮ್ಮಿನ ಜೊಯೆಲ್ ರೋಬರ್ ಎಂಬ ಇಪ್ಪತ್ತರ ತರುಣನು ಅದನ್ನೇರಿ 250 ಸಿ.ಸಿ. ವರ್ಗದಲ್ಲಿ ಜಗದ್ವಿಜೇತನಾದನು. 500ರ ವರ್ಗದಲ್ಲಿ ಭಾರವಾದ ಫೋರ್ ಸ್ಟ್ರೋಕ್ ಗಾಡಿಗಳದೇ ಪ್ರಭುತ್ವವಿದ್ದಿತು. 1966, 67, 68ರಲ್ಲಿ ಪೌಲ್ ಫ್ರೀಡ್ರಿಕ್ಸನು ಸೀಜೆಡ್ಡಿನಿಂದಲೇ ಅದನ್ನೂ ಮುರಿದನು.

ಇದರ ಗುಟ್ಟು ವೈಯಾಕರಣರಿಗೆ ಪ್ರಿಯವಾದ ಲಾಘವವೇ. ಫೋರ್ ಸ್ಟ್ರೋಕ್ ಯಂತ್ರವು ಎರಡು ಸುತ್ತಿಗೊಮ್ಮೆ ಉರಿದರೆ ಇದು ಪ್ರತಿ ಸುತ್ತಿಗೂ ಉರಿಯುವುದು. ವಾಲ್ವುಗಳಿಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುವುದು. ನಮ್ಮ ಗಾಡಿಯಲ್ಲಂತೂ ಒದೆಯುವ ಸನ್ನೆಯೇ ಗೇರಿನ ಸನ್ನೆಯೂ ಹೌದು! ಆದರೆ ಲಾಘವಕ್ಕೂ ಬೆಲೆಯುಂಟು. ಹೊಗೆ ಹೊರಡುವ ಕಿಂಡಿಯು ತೆರೆದಿರುವಾಗಲೇ ಹೊಸ ಮಿಶ್ರಣವು ಒಳಬರುವುದರಿಂದ ಅದರಲ್ಲಿಷ್ಟು ಉರಿಯದೆಯೇ ಹೊರಟುಹೋಗುವುದು. ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಇದಕ್ಕೊಂದು ಉಪಾಯ ಸಾಧಿಸಿದನು. ಹೊಗೆಕೊಳವೆಗೆ ಹೊಟ್ಟೆಯಿಟ್ಟು ಮುಂದೆ ಕಿರಿದು ಮಾಡಿದರೆ, ಒತ್ತಡದ ಅಲೆಯು ಮರಳಿ ಬಂದು ತಪ್ಪಿಸಿಕೊಂಡ ಮಿಶ್ರಣವನ್ನು ಒಳಕ್ಕೆ ನೂಕುವುದು. ಪ್ರತಿಧ್ವನಿಯಿಂದ ದುಡಿಸಿಕೊಂಡ ಈ ಬುದ್ಧಿಯು ನಾವು ಓದಿದ ಯಾವ ಶಾಸ್ತ್ರಕ್ಕೂ ಕಡಮೆಯದಲ್ಲವೆಂದು ನಮ್ಮ ಮತ. ಓಟದ ಗಾಡಿಗಳು ಇದರಿಂದಲೇ ಬಲಗೊಂಡವು.

ಮೈಸೂರಿನಲ್ಲಿ 1961ರಲ್ಲಿ ಪ್ರಾರಂಭವಾದ ಐಡಿಯಲ್ ಜಾವಾ ಕಾರ್ಖಾನೆಯು 1978ರಲ್ಲಿ ರೋಡ್‌ಕಿಂಗ್ ಹೊರತಂದಿತು, 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿಯ ಹೆಸರು ಮರಳಿತಾದರೂ ಯಂತ್ರವು ಫೋರ್ ಸ್ಟ್ರೋಕ್. ನಮ್ಮದಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಲೇಬೇಕು. ಬೆರೆಸಿದರೆ ನೀಲಿ ಹೊಗೆಯು ತಪ್ಪದು.

ನಮ್ಮ ಮೊಮ್ಮಗಳಿಗೆ ಉಬ್ಬಸ. ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರು ಒಳ್ಳೆಯ ಬೆಲೆ ಹೇಳಿ ಹೋಗಿರುವರು. ಕೊಟ್ಟುಬಿಡಿರೆಂದು ಮಗನು ಹೇಳುತ್ತಿರುವನು. ನಮ್ಮ ಮನೆಯವರು ಏನೂ ಹೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಇದರ ಹಿಂದಿನ ಸೀಟಿನಲ್ಲಿ ಕುಳಿತು ಬನವಾಸಿಯ ತೇರಿಗೆ ಹೋದವರು ಅವರು. ಇನ್ನೂ ನಿಶ್ಚಯವಾಗಿಲ್ಲ. ಸದ್ಯಕ್ಕೆ ವಾರಕ್ಕೊಮ್ಮೆ ಗಾಡಿಯನ್ನು ದಣಪೆಯಾಚೆಗೆ ತಳ್ಳಿಕೊಂಡು ಹೋಗಿ, ಗಾಳಿಯು ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ ಒದೆಯುತ್ತೇವೆ.